ಶಾಲು ಹನ್ನೆರಡು, ಕೇಬಲ್ ಸೊನ್ನೆ

ಕಳೆದ ಭಾನುವಾರ ಮಧ್ಯಾಹ್ನ ನನ್ನ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಚೀಲದ ತುಂಬ ತೆಂಗಿನಕಾಯಿ ಇದ್ದವು. ಹಿಂದೆ ಕೂತ ಹೆಂಡತಿಯ ತೊಡೆಯ ಮೇಲೆ ಹನ್ನೆರಡು ಶಾಲು, ಅವುಗಳ ಮೇಲೆ ಹಿತ್ತಾಳೆಯ ದೀಪ. ಸಿಗ್ನಲ್ಲಿನಲ್ಲಿ ಪಕ್ಕದ ರಿಕ್ಷಾದವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ "ಲಗ್ನ ಕಾ?" ಎಂದ. ಮದುವೆಯಾ ಅಂತ!

"ಅವಂಗ ಹೇಳ್ರಿ, ಕಂಪ್ಯೂಟರ್ ಮಂದಿ ಮೀಟಿಂಗ್ ಅದ ಅಂತ," ಎಂದು ಹೆಂಡತಿ ನಕ್ಕಳು. ನಾನು ಹೇಳಲಿಲ್ಲ. ನಾಚಿಕೆಯಾಯಿತು ಅಂತಲ್ಲ (ನಾಚಿಕೆ ಆಮೇಲೆ ಬಂತು), ಸಿಗ್ನಲ್ ಬಿಟ್ಟಿತು.

ನಮ್ಮ ಟೆಕ್ ಬಳಗದ ಬಗ್ಗೆ ಇದೇ ಅಂಕಣದಲ್ಲಿ ಹಿಂದೊಮ್ಮೆ ಎದೆಯುಬ್ಬಿಸಿ ಬರೆದಿದ್ದೆ, ನಿಮಗೆ ನೆನಪಿರಬಹುದು. ಪುಣೆಯಲ್ಲಿ ಇಷ್ಟೊಂದು ಕನ್ನಡದ ಇಂಜಿನಿಯರುಗಳಿದ್ದಾರೆ. ಎಲ್ಲದಕ್ಕೂ ಬೆಂಗಳೂರಿನ ಕಡೆಗೇ ಯಾಕೆ ನೋಡಬೇಕು? ನಾವಿರುವ ಊರಲ್ಲಿ ನಮ್ಮದೇ ಒಂದು ಕಮ್ಯುನಿಟಿ ಕಟ್ಟೋಣ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡೋಣ. ಎಷ್ಟು ಚೆಂದದ ವಿಚಾರ, ಅಲ್ಲವೇ?

ವಿಚಾರ ಚೆಂದವೇ ಇತ್ತು. ಆಮೇಲೆ ಕಮಿಟಿ ಆಯಿತು.

ಮೊದಲ ಮೂರು ಸಭೆ ಲೋಗೋದಲ್ಲಿ ಹೋದವು. (ಪುಣೆಯ ಶನಿವಾರವಾಡೆ ಕೋಟೆ ಇರಬೇಕೆಂದು ಒಬ್ಬರು, ಕೆಂಪು-ಹಳದಿ ಇರಬೇಕೆಂದು ಇನ್ನೊಬ್ಬರು. ಕೊನೆಗೆ ಬಲ್ಬು ಬಂತು.) ನಾಲ್ಕನೆಯದು ಲೋಣಾವಳಾದಲ್ಲಿ, ನಮ್ಮ "ವಿಷನ್" ಏನೆಂದು ಚರ್ಚಿಸಲು. ಜೋರು ಮಳೆ, ಮಂಜಿನಲ್ಲಿ ಏನೂ ಕಾಣಿಸಲಿಲ್ಲ, ಚಿಕ್ಕಿ ಕಟ್ಟಿಸಿಕೊಂಡು ಬಂದೆವು. ಈಗ ಸದಸ್ಯರು ನಲವತ್ತು, ಅದರಲ್ಲಿ ಪದಾಧಿಕಾರಿಗಳು ಹನ್ನೊಂದು. ಕಾರ್ಯದರ್ಶಿ ಯಾರು ಅಂದಿರಾ? ಈ ಬಡಪಾಯಿಯೇ.

ಭಾನುವಾರದ್ದು ನಮ್ಮ ಮೊದಲ ಡೆಮೊ ಸಭೆ. ಅಂದರೆ, ಯಾರಾದರೂ ತಾವು ಮಾಡಿದ್ದನ್ನು ತೋರಿಸಬೇಕು, ಉಳಿದವರು ನೋಡಿ ತಪ್ಪು-ಒಪ್ಪು ಹೇಳಬೇಕು. ಬಳಗದ ವಾಟ್ಸ್ಯಾಪ್ ಗ್ರೂಪಿನಲ್ಲಿ "ನಾ ತೋರಸ್ತೀನ್ರಿ" ಎಂದು ಮುಂದೆ ಬಂದದ್ದು ಒಬ್ಬರೇ. ಸುಮಿತ್ರಾ. ಇಂಜಿನಿಯರ್ ಅಲ್ಲ, ಇಲ್ಲೇ ಪುಣೆ ಜಿಲ್ಲೆಯ ಶಿರೂರಿನ ಒಂದು ದನದ ದವಾಖಾನೆಯಲ್ಲಿ ಕ್ಲರ್ಕು. ಬೆಳಗಾವಿ ಕಡೆಯವರು, ವಯಸ್ಸು ನಲವತ್ತೈದರ ಹತ್ತಿರ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಪ್ರೋಗ್ರಾಮ್ ಬರೆಯುವುದನ್ನು ಕಲಿತಿದ್ದಾರೆ. ಯಾವ ಎಮ್ಮೆಗೆ ಯಾವತ್ತು ಲಸಿಕೆ ಎಂದು ರೈತರಿಗೆ ತಾನಾಗಿಯೇ ಮೆಸೇಜ್ ಹೋಗುವ ಹಾಗೆ ಒಂದನ್ನು ಮಾಡಿದ್ದಾರೆ.

ಫೋನಿನಲ್ಲಿ ಹೇಳಿದ್ದರು: "ಸರ, ಕೆಲವು ದನಕ್ಕ ಬರೋಬ್ಬರಿ ಹೋಗ್ತದ್ರಿ, ಕೆಲವಕ್ಕ ತಿಂಗಳನ ತಪ್ಪತದ. ಎಲ್ಲಿ ತಪ್ಪೇನಿ ತಿಳೀವಲ್ದು. ಸೋಮವಾರ ಡಾಕ್ಟರು ನೋಡವರಿದ್ದಾರ. ನೆಟ್ಟಗಿದ್ರ ಇಟ್ಕೊಳ್ಳೂಣು, ಇಲ್ಲಾಂದ್ರ ತಗದು ಹಾಕಿ ಮತ್ತ ರಜಿಸ್ಟರ್ ಬರೀರಿ ಅಂದಾರ. ಎರಡು ವರ್ಷ ಕುಂತು ಮಾಡೇನ್ರಿ ಇದನ್ನ. ನಿಮ್ಮಂಥವರು ಹತ್ತು ನಿಮಿಷ ನೋಡಿದ್ರ ಸಾಕು."

"ಹತ್ತೇನ್ರಿ, ಅರ್ಧ ತಾಸು ತಗೋರಿ!" ಅಂದೆ ನಾನು, ಕಾರ್ಯದರ್ಶಿಯ ಗತ್ತಿನಲ್ಲಿ.

ಸದಾಶಿವ ಪೇಠದ ಒಂದು ಮಹಡಿಯ ಮೇಲಿನ ಸಭಾಗೃಹ ನಮಗೆ ಎರಡರಿಂದ ಐದರವರೆಗೆ ಸಿಕ್ಕಿತ್ತು. ಎರಡಕ್ಕೆ ಹೋದರೆ ಸುಮಿತ್ರಾ ಆಗಲೇ ಮುಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ಚೀಲ ತಬ್ಬಿಕೊಂಡು ಕೂತಿದ್ದರು. ಶಿರೂರಿನಿಂದ ಬಸ್ಸಿನಲ್ಲಿ ಬಂದವರು ಮೊದಲು. ಎರಡು ಗಲ್ಲಿಯಾಚೆ ಇರುವ ಅಧ್ಯಕ್ಷ ಕುಲಕರ್ಣಿ ಸಾಹೇಬರು ಬಂದದ್ದು ಮೂರಕ್ಕೆ. (ಭಾನುವಾರ ಉಂಡ ಮೇಲೆ ಅಡ್ಡಾಗದಿದ್ದರೆ ಈ ಪೇಠದಲ್ಲಿ ಮನುಷ್ಯರೆಂದು ಲೆಕ್ಕವಿಲ್ಲ.)

ದೀಪ ಬೆಳಗಿಸಿದೆವು. ಫ್ಯಾನಿನ ಗಾಳಿಗೆ ಆರಿತು. ಫ್ಯಾನ್ ನಿಲ್ಲಿಸಿ ಮತ್ತೆ ಬೆಳಗಿಸಿದೆವು. ಆಮೇಲೆ ಸೆಲ್ಫ್ ಇಂಟ್ರೊ. ಒಬ್ಬೊಬ್ಬರದೂ ಕಂಪನಿ, ಹುದ್ದೆ, ಎಷ್ಟು ವರ್ಷದ ಅನುಭವ, ಕೈಕೆಳಗೆ ಎಷ್ಟು ಮಂದಿ. ಬೆಂಗಳೂರಿನಿಂದ ಬಂದು ಇಲ್ಲೇ ನೆಲೆಸಿರುವ ನವೀನ್, "ಆಕ್ಚುಲಿ ನಾನೀಗ ಕೋಡ್ ಬರೆಯಲ್ಲ, ಜಾಸ್ತಿ ಸ್ಟ್ರಾಟಜಿ ಸೈಡ್ ನೋಡ್ಕೋತೀನಿ," ಎಂದರು. ಅವರ ನಂತರ ಎದ್ದವರೆಲ್ಲ ಕೋಡ್ ಬರೆಯದವರೇ! ಹಾಗಾದರೆ ಈ ಊರಲ್ಲಿ ಕೋಡ್ ಬರೆಯುವವರು ಯಾರ್ರೀ?

ಸುಮಿತ್ರಾ ಸರದಿ ಬಂತು. "ನಾ ಬರೀತೀನ್ರಿ. ತಪ್ಪು ಬರೀತೀನಿ, ಅದಕ್ಕ ಬಂದೇನಿ," ಅಂದರು. ಜೋರು ಚಪ್ಪಾಳೆ.

ಆಮೇಲೆ ಸತ್ಕಾರ. ಪದಾಧಿಕಾರಿಗಳು ಹನ್ನೊಂದು, ಮುಖ್ಯ ಅತಿಥಿ ಒಬ್ಬರು. ಶಾಲು, ಕಾಯಿ, ಫೋಟೊ. ಫೋಟೊದಲ್ಲಿ ಕಣ್ಣು ಮುಚ್ಚಿದವರಿಗೆ ಇನ್ನೊಮ್ಮೆ ಶಾಲು. ನನಗೂ ಹೊದಿಸಿದರು. ಸುಳ್ಳೇಕೆ, ಖುಷಿಯಾಯಿತು.

ನಾಲ್ಕೂವರೆಗೆ ಡೆಮೊ ಎಂದು ಘೋಷಿಸಿದೆ. ಸುಮಿತ್ರಾ ಲ್ಯಾಪ್‌ಟಾಪ್ ತೆರೆದು, "ಕೇಬಲ್ ಎಲ್ಲದರಿ?" ಎಂದರು.

ಪ್ರೊಜೆಕ್ಟರ್ ಇತ್ತು. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಕೇಬಲ್ ಇರಲಿಲ್ಲ. ಜೇಬಿನಿಂದ ನನ್ನ ಪಟ್ಟಿ ತೆಗೆದೆ. ಶಾಲು, ಕಾಯಿ, ಅರಿಷಿಣ-ಕುಂಕುಮ, ಬತ್ತಿ, ಎಣ್ಣೆ, ಹೂವು, ಪೇಡೆ, ಕಡ್ಡಿಪೆಟ್ಟಿಗೆ ಎರಡು (ಒಂದು ಹಸಿಯಾದರೆ ಇನ್ನೊಂದಿರಲಿ ಎಂದು). ಕರೆಂಟಿಗೆ ಸಂಬಂಧಪಟ್ಟ ಒಂದೇ ಒಂದು ಸಾಮಾನಿಲ್ಲ! ಇಪ್ಪತ್ತು ವರ್ಷ ಸಾಫ್ಟ್‌ವೇರಿನಲ್ಲಿ ದುಡಿದ ನಾನು ಟೆಕ್ ಮೀಟಪ್ಪಿಗೆ ಸತ್ಯನಾರಾಯಣ ಪೂಜೆಯ ಪಟ್ಟಿ ಬರೆದಿದ್ದೆ.

"ಇರ್ಲಿ ಬಿಡ್ರಿ, ಇಲ್ಲೇ ಬಂದು ನೋಡ್ರಲ್ಲಾ," ಎಂದು ಸುಮಿತ್ರಾ ಲ್ಯಾಪ್‌ಟಾಪನ್ನೇ ನಮ್ಮ ಕಡೆ ತಿರುಗಿಸಿದರು. ಅದಕ್ಕಿಂತ ಸುಲಭ ಏನಿದೆ? ಆದರೆ ಜನ ಆಗಲೇ ಕೇಬಲ್ ಚರ್ಚೆಗೆ ಇಳಿದಿದ್ದರು. ಯಾವ ಕೇಬಲ್ ಬೇಕು, ಅಡಾಪ್ಟರೂ ಬೇಕಾ, ಕೆಳಗಿನ ಅಂಗಡಿ ಭಾನುವಾರ ಯಾಕೆ ಮುಚ್ಚಿದೆ, ಇನ್ನು ಮುಂದೆ ಹೀಗಾಗದಂತೆ ಒಂದು ಉಪಸಮಿತಿ ಮಾಡೋಣವೇ.

ಐದಕ್ಕೆ ಸರಿಯಾಗಿ ಸಭಾಗೃಹ ನೋಡಿಕೊಳ್ಳುವ ಕಾಕಾ ಬೀಗದಕೈ ಆಡಿಸುತ್ತ ಬಾಗಿಲಲ್ಲಿ ನಿಂತರು. ಅವರ ಹಿಂದೆ ತಾಳ ಹಿಡಿದ ಭಜನೆಯ ಹೆಂಗಸರು. "ಪಾಚ ವಾಜಲೇ," ಅಂದರು ಕಾಕಾ. ಐದಾಯಿತು. ಪುಣೆಯಲ್ಲಿ ಈ ಮಾತಿನ ಮೇಲೆ ಅಪೀಲಿಲ್ಲ.

ಅಧ್ಯಕ್ಷರು ಗಡಿಬಿಡಿಯಲ್ಲಿ ನನ್ನ ಕಿವಿಗೆ ಬಾಯಿಟ್ಟು, "ಅವ್ರಿಗೂ ಏನರ ಮಾಡ್ರೀ, ಪಾಪ, ಭಾಳ ದೂರಿಂದ ಬಂದಾರ," ಅಂದರು. ಏನು ಮಾಡಲಿ? ಶಾಲು ಮುಗಿದಿದ್ದವು. ನನ್ನ ಹೆಗಲ ಮೇಲಿನದನ್ನೇ ತೆಗೆದು ಸುಮಿತ್ರಾ ಅವರಿಗೆ ಹೊದಿಸಿದೆ, ನನ್ನ ಕಾಯಿಯನ್ನೇ ಅವರ ಕೈಗಿಟ್ಟೆ. "ಗ್ರಾಮೀಣ ಪ್ರತಿಭೆ!" ಎಂದು ಅಧ್ಯಕ್ಷರು ಮೈಕಿನಲ್ಲಿ ಕೂಗಿದರು. ಫೋಟೊ ಆಯಿತು.

"ಸರ, ಯಾರರ ನೋಡ್ತಾರೇನ್ರಿ?" ಸುಮಿತ್ರಾ ಮೆಲ್ಲಗೆ ಕೇಳಿದರು. "ಆರಕ್ಕ ಬಸ್ಸದ. ಒಂದೈದು ನಿಮಿಷ."

ಸುತ್ತ ನೋಡಿದೆ. ಎಲ್ಲರೂ ಚಹಾಕ್ಕೆ ಇಳಿದಾಗಿತ್ತು. ನಾನಾದರೂ ನೋಡಬಹುದಿತ್ತು, ಮೆಟ್ಟಿಲ ಮೇಲೆ ಕೂತು. ನೋಡಲಿಲ್ಲ. ಯಾಕೆ ಗೊತ್ತೇ? ತಪ್ಪು ನನಗೂ ಸಿಗದೇ ಹೋದರೆ? ಕಾರ್ಯದರ್ಶಿಯ ಮಾನ! "ಗ್ರೂಪಿನಾಗ ಹಾಕ್ರಿ, ಡಿಸ್ಕಸ್ ಮಾಡೂಣು," ಅಂದುಬಿಟ್ಟೆ.

ಅವರು ಪಾಪ ಹಾಕಿದರು. ಅದರ ಕೆಳಗೆ ಒಂದಿಷ್ಟು ಹೆಬ್ಬೆರಳು, ಅದರ ಕೆಳಗೆ ಸತ್ಕಾರದ ಫೋಟೊಗಳು ಸಾಲು ಸಾಲು. ಉತ್ತರ ಮಾತ್ರ ಒಂದೂ ಬರಲಿಲ್ಲ.

ಸೋಮವಾರ ಸಂಜೆ ಅಂಜುತ್ತಲೇ ಫೋನ್ ಮಾಡಿದೆ.

"ಆತ್ರಿ ಸರ!" ದನಿಯಲ್ಲಿ ನಗು. "ಬಸ್ಸಿನಾಗ ಸಿಕ್ತು. ಹನ್ನೆರಡನೇ ತಾರೀಖಿನ ಒಳಗಿನವು ಅಷ್ಟ ತಪ್ಪತಿದ್ವು. ತಾರೀಖನ್ನ ತಿಂಗಳ ಅಂತ ತಿಳಕೋತಿತ್ತು ನೋಡ್ರಿ ಅದು, ಐದನೇ ತಾರೀಖು ಅಂದ್ರ ಮೇ ಅಂತ. ಶಿರೂರು ಬರೂದ್ರಾಗ ತಿದ್ದಿದೆ. ಡಾಕ್ಟರು ಇಟ್ಕೊಳ್ರಿ ಅಂದ್ರು!"

ನನಗೆ ಅರ್ಧ ಸಂತೋಷ, ಅರ್ಧ ನಾಚಿಕೆ. ಗ್ರೂಪಿಗೆ ಸುದ್ದಿ ಹಾಕಿದೆ. ಎರಡೇ ನಿಮಿಷದಲ್ಲಿ ಅಧ್ಯಕ್ಷರು ಬರೆದರು: "ನಮ್ಮ ಬಳಗದ ಮೊದಲ ಯಶಸ್ಸು! ಮುಂದಿನ ಸಭೆಯಲ್ಲಿ ಭವ್ಯ ಸತ್ಕಾರ!" ನವೀನ್ ಬರೆದರು: "ಗ್ರೇಟ್ ಟೀಮ್ ವರ್ಕ್, ಗೈಸ್."

ಆಮಂತ್ರಣ ಮುಟ್ಟಿಸುವುದು ಕಾರ್ಯದರ್ಶಿಯ ಕೆಲಸ. ಮತ್ತೆ ಫೋನ್ ಮಾಡಿದೆ.

"ಬರ್ತೀನ್ರಿ, ಕೇಬಲ್ ನಾನ ತರ್ತೀನಿ," ಅಂದರು ಸುಮಿತ್ರಾ. ಆಮೇಲೆ, ಒಂದಿಷ್ಟೂ ಕುಹಕವಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದರು:

"ಈ ಸಲ ನೀವು ಏನ್ ತೋರಸ್ತೀರ್ರಿ ಸರ?"