ಪುಂಡರೀಕಾಕ್ಷ ಹೇಳಿದ ಮರಾಠಿ

ಉಡುಪಿ ಕಡೆಯಿಂದ ಬಂದು ಮುಂಬೈ ಪಕ್ಕದ ಠಾಣೆಯ ಹೋಟೆಲಿನಲ್ಲಿ ದುಡಿಯುತ್ತಿದ್ದಾಗಲೇ ಪುಂಡರೀಕಾಕ್ಷನಿಗೆ ಮರಾಠಿ, ಹಿಂದಿ, ತೆಲುಗು ಎಲ್ಲ ನಾಲಿಗೆಗೆ ಹತ್ತಿದ್ದವು. ತುಳು, ಕನ್ನಡ ಹೇಗೂ ಮನೆಯವು. ಡೊಂಬಿವಲಿಯ ಕೆಮಿಕಲ್ ಕಂಪನಿಯಲ್ಲಿ ಕಾರ್ಮಿಕರನ್ನು ನೋಡಿಕೊಳ್ಳುವ ಕೆಲಸ, ವರ್ತಕ ನಗರದ ಫ್ಲ್ಯಾಟು, ಎಲ್ಲ ಆ ನಾಲಿಗೆಯಿಂದಲೇ ಬಂದದ್ದು.

ಮಾರ್ಚಿನಲ್ಲಿ ಮೂರನೇ ಶೆಡ್ಡಿನ ಪೈಪು ಸೋರತೊಡಗಿತು. ಕಣ್ಣುರಿ ತಾಳಲಾರದೆ ಕೆಲಸಗಾರರು ಹೊರಗೆ ಕೂತರು. ಶೆಡ್ ಮುಚ್ಚಬೇಕೆಂದು ಇಂಜಿನಿಯರ್ ಬರೆದ ಚೀಟಿಯನ್ನು ಪುಂಡರೀಕಾಕ್ಷ ಓದಿದ್ದ. ಆದರೂ ಮ್ಯಾನೇಜರ್ ರಂಜನ್, "ತುಮ್ಹೀಚ್ ಸಮಜಾವಾ ತ್ಯಾಂನಾ", ನೀವೇ ಅವರಿಗೆ ತಿಳಿಹೇಳಿ, ಎಂದದ್ದೇ ಇವನು ಎದ್ದು ಕೆಲಸಗಾರರ ಬಳಿ ಹೋದ. ತೆಲುಗಿನವರಿಗೆ ತೆಲುಗಿನಲ್ಲಿ ಧೈರ್ಯ ಹೇಳಿದ. ಯಾದಗಿರಿಯ ಶಂಭುವಿನ ಹೆಗಲ ಮೇಲೆ ಕೈಯಿಟ್ಟು ಅವನದೇ ಧಾಟಿಯಲ್ಲಿ, "ನಾ ಅದೀನಲ್ಲೋ ತಮ್ಮಾ. ಏನೂ ಆಗಂಗಿಲ್ಲ, ಹೋಗು" ಎಂದ.

ನಮ್ಮವರೇ ಹೇಳಿದ ಮೇಲೆ ಇನ್ನೇನು ಎಂದು ಶಂಭು ಎಲ್ಲರಿಗಿಂತ ಮೊದಲು ಒಳಹೊಕ್ಕ. ಮಧ್ಯಾಹ್ನ ಪೈಪು ಸಿಡಿಯಿತು. ಹೆಣದ ಗುರುತು ಹತ್ತಿದ್ದು ಉಡಿದಾರದಿಂದ.

ಶಂಭುವಿನ ಹೆಂಡತಿ ಶರಣಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಬಾರದು. ಪೊಲೀಸರೆದುರು ಅವಳ ಪಕ್ಕ ಪುಂಡರೀಕಾಕ್ಷನನ್ನು ಕೂರಿಸಿದರು.

"ಮೂರು ದಿನದಿಂದ ವಾಸ್ನಿ ಬರಲಾಕತ್ತಿತ್ತಂತ, ಅಣ್ಣಾ. ಸಾಹೇಬ್ರಿಗಿ ಹೇಳಿದ್ರೂ ಕೇಳಲಿಲ್ಲಂತ," ಎಂದು ಅವಳು ಅತ್ತಳು.

"ತಿಲಾ ಕಾಹೀ ಮಾಹೀತ್ ನಾಹೀ, ಸಾಹೇಬ್." ಇವಳಿಗೇನೂ ಗೊತ್ತಿಲ್ಲವಂತೆ ಎಂದು ಪುಂಡರೀಕಾಕ್ಷ ಹೇಳಿದ. ಹಾಗೆಯೇ ಬರೆದುಕೊಂಡರು. ಶರಣಮ್ಮ ಅವನ ಕಾಲು ಮುಟ್ಟಿದಳು. "ಈ ಊರಾಗ ನಮ್ಮ ಮಾತು ಕೇಳಾಂವ ನೀ ಒಬ್ಬನ ನೋಡಣ್ಣ."

ತಿಂಗಳ ಮೇಲೆ ಕಂಪನಿಯ ಕಾಗದ ಹಿಡಿದು ಅವನು ಮುಂಬ್ರಾದ ಚಾಳಿನಲ್ಲಿದ್ದ ಅವಳ ಕೋಣೆಗೆ ಹೋದ. ತಪ್ಪು ಶಂಭುವಿನದೇ, ನಾವು ಕೋರ್ಟಿಗೆ ಹೋಗುವುದಿಲ್ಲ ಎಂದು ಅದರಲ್ಲಿ ಮರಾಠಿಯಲ್ಲಿ ಬರೆದಿತ್ತು. "ಶಂಭುಂದು ತಪ್ಪಿಲ್ಲ ಅಂತ ಬರದಾರವ್ವ. ಹೆಬ್ಬೆಟ್ಟು ಒತ್ತು," ಎಂದ.

ಅವಳ ಮಗಳು ಸಂಜನಾ ಮರಾಠಿ ಶಾಲೆಯಲ್ಲಿ ಎಂಟನೆಯ ಇಯತ್ತೆ. ಕಾಗದ ಕಸಿದು ಓದಿದಳು. "ಅವ್ವಾ, ತಪ್ಪು ಅಪ್ಪಂದಂತ! ಪೊಲೀಸ್ರು ಕೊಟ್ಟ ಕಾಗದದಾಗೂ ನಿನಗೇನೂ ಗೊತ್ತಿಲ್ಲ ಅಂತ ಐತಿ. ಇವರೇ ಹಂಗ ಹೇಳಿದ್ದು."

ಪುಂಡರೀಕಾಕ್ಷನ ನಾಲಿಗೆ ತಡವರಿಸಲಿಲ್ಲ. "ಸರ್ಕಾರಿ ಮರಾಠಿ ಬ್ಯಾರೆ, ಸಾಲಿ ಮರಾಠಿ ಬ್ಯಾರೆ. ಕೂಸಿಗಿ ತಿಳಿಯಂಗಿಲ್ಲ," ಎಂದು ನಕ್ಕ.

ಶರಣಮ್ಮ ಮಗಳ ಕೆನ್ನೆಗೆ ರಪ್ಪನೆ ಬಾರಿಸಿದಳು. "ಅಪ್ಪನ ಜಾಗದಾಗ ನಿಂತವನಿಗಿ ಸುಳ್ಳ ಅಂತೀಯೇನ!" ಎಂದವಳೇ ಹೆಬ್ಬೆಟ್ಟು ಒತ್ತಿದಳು.

ಅವನು ಚಪ್ಪಲಿ ಮೆಟ್ಟುವಾಗ ಸಂಜನಾ ಬಾಗಿಲಿಗೆ ಬಂದಳು. ಕೆನ್ನೆಯ ಮೇಲೆ ಬೆರಳು ಮೂಡಿದ್ದವು. ತಾಯಿಗೆ ತಿಳಿಯದಿರಲೆಂದು ಮರಾಠಿಯಲ್ಲೇ ಹೇಳಿದಳು: "ಮಲಾ ಸಗಳಂ ಕಳತಂ." ನನಗೆಲ್ಲ ಅರ್ಥವಾಗುತ್ತದೆ.

ಅವನು ಕಾಗದ ಮಡಚಿ ಕಿಸೆಗೆ ತುರುಕಿದ. ಗಲ್ಲಿ ದಾಟುವಷ್ಟರಲ್ಲಿ ರಂಜನನ ಫೋನು ಬಂತು. "ಝಾಲಂ ಕಾ?" ಆಯಿತಾ ಎಂದು ಕೇಳಿದ.

"ಝಾಲಂ, ಸರ್," ಎಂದು ಪುಂಡರೀಕಾಕ್ಷ ಸ್ಟೇಷನ್ನಿನತ್ತ ಬಿರಬಿರನೆ ನಡೆದ.