ಆಕಳ ಕಿವಿಯಲ್ಲಿ ಅತ್ತೆಯ ದೂರು

"ತಾಯಿ, ನಮ್ಮ ಸೊಸಿಗೆ ಒಂದೀಟು ಬುದ್ಧಿ ಕೊಡವಾ. ಆಕಿ ಬಡದ ರೊಟ್ಟಿ ನಾಯಿನೂ ಮೂಸಿ ನೋಡೂದಿಲ್ಲ."

ನಾನು ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ನನ್ನ ಅತ್ತೆ, ಆಕಳು ಗೌರಿಯ ಹಣೆಗೆ ಕುಂಕುಮ ಹಚ್ಚುತ್ತ ನನ್ನ ಮೇಲೆ ದೂರು ಹೇಳುತ್ತಿದ್ದರು. ನಾನು ಹತ್ತರಗಿಯಿಂದ ಕಲ್ಲೋಳಿಗೆ ಸೊಸೆಯಾಗಿ ಬಂದ ಹೊಸತು. ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಆ ಮನೆಯಲ್ಲಿ ಬಾಯಿ ಬಿಡುವಷ್ಟು ಸ್ವಾತಂತ್ರ್ಯ ನನಗೂ ಬಂದಿರಲಿಲ್ಲ.

ಅಳು ಬಂತು. ತಿರುಗಿ ಹೋಗಬೇಕು ಎನ್ನುವಷ್ಟರಲ್ಲಿ ಅತ್ತೆಯ ದನಿ ಮೆತ್ತಗಾಯಿತು.

"ಖರೆ, ಆಕಿಗೆ ನಿನ್ನ ಮ್ಯಾಲ ಭಾಳ ಜೀವ ಐತಿ. ನಿನಗ ಮೇವು ಹಾಕದ ಒಂದ ತುತ್ತು ಉಣ್ಣೂದಿಲ್ಲ. ಇಂಥಾಕಿನ್ನ ಕೊಟ್ಟೀದಿ, ಇನ್ನೇನ ಬೇಡ್ಲಿ."

ನನ್ನನ್ನು ಕಂಡ ಗೌರಿ ಅಂಬಾ ಎಂದಿತು. ಅತ್ತೆ ತಿರುಗಿ ನೋಡಿದರು. ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು.

"ಅತ್ತ್ಯಾರ, ಆಕಳ ಮೈಯಾಗ ಮೂವತ್ತಮೂರು ಕೋಟಿ ದೇವರು ಇರತಾರ ಅಂತೀರಿ. ಅಷ್ಟೂ ಮಂದಿ ಮುಂದ ನನ್ನ ರೊಟ್ಟಿ ಸುದ್ದಿ ಹೇಳಿದ್ರ, ನಾ ಹೆಂಗ ಮಾರಿ ತೋರಸ್ಲಿರಿ?" ಎಂದೆ.

ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡು ಸಗಣಿ ಬುಟ್ಟಿಯನ್ನು ನನ್ನತ್ತ ನೂಕಿದರು. "ಮೊದಲ ಅವರ ಕಾಲಾಗಿನ ಸಗಣಿ ಬಳಿ. ಮಾರಿ ಆಮ್ಯಾಲ ತೋರಸುವಂತಿ."

ಅಂದಿನಿಂದ ಅತ್ತೆ ನನ್ನ ತಪ್ಪುಗಳನ್ನು ನನಗೇ ನೇರವಾಗಿ ಹೇಳತೊಡಗಿದರು. ಮೆಚ್ಚುಗೆಯನ್ನು ಮಾತ್ರ ಕೊನೆಯತನಕ ಆಕಳಿಗೇ ಹೇಳಿದರು. ಹಾಗಾಗಿ ಕೊಟ್ಟಿಗೆಯ ಕೆಲಸವನ್ನು ನಾನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.