ಪಾಡ್ಯದ ದಿನ ಹಾಕಿದ ಹೊಸ ಶಾಖೆ

ಗಂಗಾವತಿಯ ನಮ್ಮ ಪುಟ್ಟ ಆಫೀಸಿನಲ್ಲಿ ಅಕ್ಕಿ ಗಿರಣಿಯ ಯಂತ್ರಗಳನ್ನು ನಡೆಸುವ ತಂತ್ರಾಂಶ ಬರೆಯುತ್ತೇವೆ. ಅದಕ್ಕೆ ಎರಡು ಶಾಖೆ, ಅಂದರೆ ಒಂದೇ ತಂತ್ರಾಂಶದ ಎರಡು ಪ್ರತಿ. ಹೊಸ ಶಾಖೆಯಲ್ಲಿ ದಿನಕ್ಕೊಂದು ಪ್ರಯೋಗ ನಡೆಯುತ್ತದೆ. ಗಿರಣಿಗಳಲ್ಲಿ ಓಡುವುದು ಸ್ಥಿರ ಶಾಖೆ. ಅದಕ್ಕೆ ಹೊಸದೇನನ್ನೂ ಸೇರಿಸುವಂತಿಲ್ಲ, ಕೆಟ್ಟದ್ದನ್ನಷ್ಟೇ ಸರಿಪಡಿಸಬೇಕು. ಅದನ್ನು ಕಾಯುವವನು ನಾನು.

ಮರಳಿ ಎಂಬ ಊರಿನ ಗಿರಣಿಯಲ್ಲಿ ಭತ್ತ ಸುರಿಯುವ ಗುಂಡಿಯೊಂದಿದೆ. ತಳದಲ್ಲಿ ಭತ್ತವನ್ನು ಮುಂದಕ್ಕೆ ತಳ್ಳುವ, ಆಳುದ್ದದ ಕಬ್ಬಿಣದ ಸ್ಕ್ರೂ. ಕಸ ತೆಗೆಯಲು ಗುಂಡಿಯೊಳಗೆ ಇಳಿಯುವ ಹಮಾಲನೇ ಒಮ್ಮೆ ನನ್ನನ್ನು ಕೇಳಿದ್ದ: ಮೇಲಿನ ಜಾಲರಿ ತೆರೆದಿದ್ದರೆ ಯಂತ್ರ ಶುರುವಾಗದ ಹಾಗೆ ಮಾಡಲು ಬರುತ್ತದೆಯೇ ಎಂದು. ಅದು ಇಲ್ಲದಿರುವುದೇ ದೋಷವೆಂದು, ಆ ತಡೆಯನ್ನು ಸ್ಥಿರ ಶಾಖೆಯಲ್ಲಿ ಬರೆದು ಗಿರಣಿಗೆ ಹಾಕಿದೆವು. ಹೊಸ ಶಾಖೆ ನೋಡಿಕೊಳ್ಳುವ ಗೆಳೆಯ, ಹಬ್ಬ ಮುಗಿಯಲಿ, ಅದನ್ನು ನನ್ನ ಕಡೆಗೂ ತೆಗೆದುಕೊಳ್ಳುತ್ತೇನೆ ಎಂದ.

ದೀಪಾವಳಿ ಪಾಡ್ಯಕ್ಕೆ ಗಿರಣಿಯ ಸಾವುಕಾರರು ಯಂತ್ರಪೂಜೆಗೆ ಕರೆದರು. ನಮ್ಮ ಮುಖ್ಯಸ್ಥರನ್ನು ಅವರು ಕೇಳಿದ್ದು ಒಂದೇ.

"ಪಾಡ್ಯದ ದಿನ ನೀವು ಹಳೇ ಅಂಗಿ ಹಾಕ್ಕೋತೀರೇನ್ರಿ? ಮತ್ತ ನನ್ನ ಮಷೀನಿಗ್ಯಾಕ ಹಳೇದು?"

"ಹಳೇದಲ್ರಿ ಸಾವ್ಕಾರ್ರ, ಅದು ಗಟ್ಟಿ ಇರೋದು," ಎಂದೆ.

"ಗಟ್ಟಿ ಇರೋದು ನಾಳಿಗೆ ಹಾಕ್ರಿ. ಇವತ್ತ ಹೊಸದ ಬೇಕು."

ಗಿರಾಕಿಯನ್ನು ಹಬ್ಬದ ದಿನ ನೋಯಿಸಬಾರದೆಂದು ಮುಖ್ಯಸ್ಥರು ಹೊಸ ಶಾಖೆಯನ್ನೇ ಹಾಕಿಸಿದರು. ಕಂಪ್ಯೂಟರಿಗೆ ವಿಭೂತಿ ಬಿತ್ತು, ಚೆಂಡುಹೂವಿನ ಮಾಲೆ ಬಿತ್ತು. ಸ್ಕ್ರೂ ತಿರುಗಿಸುವ ಮೋಟರಿನ ಗಾಲಿಗೆ ಕುಂಕುಮ ಹಚ್ಚಬೇಕೆಂದು ಬೆಲ್ಟಿನ ಕವಚ ಬಿಚ್ಚಿದರು. ಪಕ್ಕಕ್ಕೇ ಒಂದು ಬಾಳೆಗಿಡ ಕಟ್ಟಿದರು.

ಕಾಯಿ ಒಡೆದಾಗ ಒಂದು ಹೋಳು ಉರುಳಿ, ಹಾಸಿದ ಜಾಲರಿಯ ಮುರಿದ ಮೂಲೆಯಿಂದ ಗುಂಡಿಗೆ ಬಿತ್ತು. ಸ್ಕ್ರೂಗೆ ಸಿಕ್ಕರೆ ಪೂಜೆಯ ದಿನವೇ ಯಂತ್ರ ಕೆಡುತ್ತದೆಂದು ಹಮಾಲ ಜಾಲರಿ ಎತ್ತಿಟ್ಟು ಇಳಿದ. ನಾನು ಬೇಡವೆನ್ನುವಷ್ಟರಲ್ಲಿ, "ಜಾಲರಿ ತಗದೈತಲ್ರಿ, ಅದು ತಿರಗಂಗಿಲ್ಲ," ಎಂದ. ತಿರುಗುತ್ತದೆ, ಹೊಸದರಲ್ಲಿ ಇನ್ನೂ ತಡೆಯಿಲ್ಲ ಎಂದು ನಾನು ಕೂಗಿದೆ. ಅದೇ ಹೊತ್ತಿಗೆ ಹೊರಗೆ ಪಟಾಕಿ ಸರಕ್ಕೆ ಬೆಂಕಿ ಇಟ್ಟರು. ಕ್ಯಾಬಿನ್ನಿನ ಗಾಜಿನಾಚೆ ಮುಹೂರ್ತವಾಯಿತೆಂದು ಸಾವುಕಾರರು ಬಟನ್ ಒತ್ತಿದರು. ನಾನು ಎರಡೂ ಕೈ ಬೀಸಿದೆ. ಅವರೂ ಸಂತೋಷದಿಂದ ಕೈ ಬೀಸಿದರು.

ಸ್ಕ್ರೂ ತಿರುಗಿತು. ಆ ಕರಕರ ಸದ್ದು ಈಗಲೂ ಮಿಕ್ಸರ್ ಹಾಕಿದಾಗ, ಆಟೋ ಗೇರು ಬದಲಿಸಿದಾಗ ನನಗೆ ಕೇಳಿಸುತ್ತದೆ. ಮರುಗಳಿಗೆಗೆ ಬಾಳೆಯ ಎಲೆಯೊಂದು ಬೆಲ್ಟಿಗೆ ಸಿಕ್ಕಿತು. ಹಿಂದೆಯೇ ಇಡೀ ಗಿಡ ಒಳಹೋಗಿ ನುಜ್ಜುಗುಜ್ಜಾಯಿತು. ಬೆಲ್ಟ್ ಕಳಚಿ ಬಿತ್ತು. ಸ್ಕ್ರೂ ನಿಂತಿತು.

ಗುಂಡಿಯಿಂದ ಮೊದಲು ಕಾಯಿಯ ಹೋಳು ಹಿಡಿದ ಕೈ ಬಂತು. ಆಮೇಲೆ ಹಮಾಲ. ಅವನ ಲುಂಗಿಯ ಅರ್ಧ ಒಳಗೇ ಉಳಿದಿತ್ತು.

"ಮುಹೂರ್ತ ಮಷೀನಿಂದಿತ್ತೋ, ನಂದಿತ್ತೋ ರೀ?" ಎಂದು ಕೇಳಿ ಅಲ್ಲೇ ಕುಸಿದು ಕುಳಿತ. ಸಾವುಕಾರರು ನೀರು ಕುಡಿಸುತ್ತ ಅತ್ತುಬಿಟ್ಟರು. ನಾನೂ ಅವರ ಪಕ್ಕ ಕುಳಿತೆ.

ಆ ಸಂಜೆಯೇ ತಡೆ ಹೊಸ ಶಾಖೆಗೂ ಸೇರಿತು. ಸ್ಥಿರದಲ್ಲಿ ಸರಿಪಡಿಸಿದ್ದೆಲ್ಲ ಅದೇ ದಿನ ಹೊಸದಕ್ಕೂ ಹೋಗಬೇಕೆಂಬುದು ಈಗ ನಮ್ಮ ನಿಯಮ. ಸಾವುಕಾರರು ಕಲಿತದ್ದು ಬೇರೆ: ತಂತ್ರಾಂಶ ಬದಲಿಸುವಾಗಲೆಲ್ಲ ಬಾಳೆಗಿಡ ಬೇಕು. ಹಿಟ್ನಾಳದ ಅವರ ಬೀಗರೂ ತಮ್ಮ ಗಿರಣಿಗೆ ಒಂದು ಕಟ್ಟಿಸಿದ್ದಾರಂತೆ.

ಮೊನ್ನೆ ಮರಳಿಗೆ ಹೊಸ ಆವೃತ್ತಿ ಹಾಕಲು ಹೋದೆ. ಹಮಾಲ ಜಾಲರಿ ಎತ್ತಿಟ್ಟು, ಗುಂಡಿಯಿಂದ ಮಾರು ದೂರ ನಿಂತು, ಒತ್ತಿರಿ ಎಂದು ಸನ್ನೆ ಮಾಡಿದ. ಒತ್ತಿದೆ. ಏನೂ ಅಲುಗಲಿಲ್ಲ. ಗುಂಡಿಯ ಅಂಚಿಗೆ ಹೋಗಿ ಇಬ್ಬರೂ ಅಲುಗದ ಸ್ಕ್ರೂವನ್ನು ನೋಡುತ್ತ ನಿಂತೆವು. ನನಗೆ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ.

ಬಾಳೆಗಿಡ ಹಿಡಿದು ಬಂದ ಸಾವುಕಾರರ ಮುಖ ಸಣ್ಣದಾಯಿತು. "ಹೊಸದು ಚಾಲೂನ ಆಗವಲ್ದಲ್ರಿ?"

"ಛಲೋ ಐತ್ರಿ," ಎಂದ ಹಮಾಲ. "ಇನ್ನೊಮ್ಮಿ ಒತ್ರಿ."